ಕಲಿಯುವ ಆಸಕ್ತಿ ಇಲ್ಲ

ವಿಜ್ಞಾನದ ಟೀಚರಿಗೆ ಆ ವರ್ಷ ಪಾಠದ ಜೊತೆ ಇನ್ನೊಂದು ಕೆಲಸ ಗಂಟುಬಿತ್ತು. ಸಹೋದ್ಯೋಗಿಯೊಬ್ಬರಿಗೆ ಸ್ಮಾರ್ಟ್ ಬೋರ್ಡ್ ಬಳಸಲು ಕಲಿಸಿ, ಎರಡು ತಿಂಗಳಲ್ಲಿ ವರದಿ ಕೊಡಬೇಕು. ಅವಳ ಪಾಲಿಗೆ ಬಂದವರು ಗಣಿತದ ಮೇಷ್ಟ್ರು; ಇಪ್ಪತ್ತೊಂಬತ್ತು ವರ್ಷ ಸೀಮೆಸುಣ್ಣ ಹಿಡಿದವರು.

ವಾರಕ್ಕೆರಡು ಸಂಜೆ, ಮಕ್ಕಳು ಮನೆಗೆ ಹೋದ ಮೇಲೆ ಇಬ್ಬರೂ ಹತ್ತನೇ ತರಗತಿಯಲ್ಲಿ ಕೂರುತ್ತಿದ್ದರು. ಮೇಷ್ಟ್ರು ಕಿವಿಗೊಟ್ಟು ಕೇಳುತ್ತಿದ್ದರು, ಮರೆಯದೆ ಒಪ್ಪಿಸುತ್ತಿದ್ದರು. ಬೋರ್ಡ್ ಮುಟ್ಟಿ ಅಂದರೆ ಮಾತ್ರ ಮಾತು ತೇಲಿಸಿಬಿಡುವರು.

"ನೀವೇ ಬರೀರಮ್ಮ, ನಾನು ನೋಡ್ಕೋತೀನಿ."

"ದಡದಲ್ಲಿ ಕೂತು ನೋಡಿದ್ರೆ ಈಜು ಬರುತ್ತಾ ಸರ್?"

"ಮುಳುಗೋದಂತೂ ತಪ್ಪುತ್ತಲ್ಲ!"

ಮೊದಲ ವಾರ ಅವಳು ನಕ್ಕಳು. ಆರನೇ ವಾರಕ್ಕೆ ತಲೆ ಚಿಟ್ಟುಹಿಡಿಯಿತು. ವರದಿಯಲ್ಲಿ 'ಕಲಿಯುವ ಆಸಕ್ತಿ ಇಲ್ಲ' ಎಂದು ಗೀಚಿ ಕೈತೊಳೆದುಕೊಂಡಳು.

ಹತ್ತೇ ದಿನದಲ್ಲಿ ಮುಖ್ಯೋಪಾಧ್ಯಾಯಿನಿಯ ಆದೇಶ ಬಂತು. ಹತ್ತನೇ ತರಗತಿಯ ಗಣಿತ ಇನ್ನು ಅವಳಿಗೆ, ಮೇಷ್ಟ್ರಿಗೆ ಗ್ರಂಥಾಲಯ. ಸಂಜೆ ಸಮಾಧಾನ ಹೇಳೋಣವೆಂದು ತರಗತಿಗೆ ಹೋದವಳು ಬಾಗಿಲಲ್ಲೇ ನಿಂತಳು. ಒಳಗೆ ಮೇಷ್ಟ್ರೊಬ್ಬರೇ ಬೋರ್ಡಿನ ಮೇಲೆ ವೃತ್ತ ಎಳೆಯುತ್ತಿದ್ದರು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಹಿಡಿದಿದ್ದರು. ಆದರೂ ಗೆರೆ ಹುಳು ಹರಿದಂತೆ ಡೊಂಕುಡೊಂಕಾಗಿ ಮೂಡುತ್ತಿತ್ತು.

"ಯಾವಾಗಿಂದ ಸರ್ ಈ ನಡುಕ?"

ಮೇಷ್ಟ್ರು ಬೆಚ್ಚಿ ತಿರುಗಿದರು. "ವರ್ಷವಾಯ್ತು. ಸೀಮೆಸುಣ್ಣ ಒತ್ತಿ ಹಿಡಿದ್ರೆ ಅಷ್ಟು ಗೊತ್ತಾಗಲ್ಲ. ಇದು ಎಲ್ಲಾ ತೋರಿಸಿಬಿಡುತ್ತೆ."

"ಒಂದು ಮಾತು ಹೇಳಬಾರದಿತ್ತಾ? ಬೆರಳೇ ಬೇಡ ಸರ್. ಕೀಬೋರ್ಡಿನಲ್ಲಿ ಅಳತೆ ಕೊಟ್ರೆ ವೃತ್ತ ತಾನೇ ಬರುತ್ತೆ."

"ಹೌದಾ?" ಎಂದರು ಮೇಷ್ಟ್ರು. ಡೊಂಕು ವೃತ್ತವನ್ನು ಅಳಿಸಿಹಾಕಿದರು. "ಯಾರಿಗೂ ಹೇಳಬೇಡಿ. ಮನೆಯವಳಿಗೂ ಗೊತ್ತಿಲ್ಲ."

ಮರುದಿನ ಬೆಳಿಗ್ಗೆಯೇ ಅವಳು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ, ತನ್ನ ವರದಿ ತಪ್ಪೆಂದಳು.

"ತಪ್ಪು ಅಂದ್ರೆ? ಅವರು ಬೋರ್ಡ್ ಮುಟ್ಟಿದ್ರಾ?"

"ಇಲ್ಲ."

"ಯಾಕೆ ಮುಟ್ಟಲಿಲ್ಲ?"

ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಮುಖ್ಯೋಪಾಧ್ಯಾಯಿನಿ ಮುಂದಿನ ಕಡತ ಎತ್ತಿಕೊಂಡರು.

ಸೋಮವಾರ ಹತ್ತನೇ ತರಗತಿಗೆ ತನ್ನ ಮೊದಲ ಗಣಿತ ಪಾಠ ಮುಗಿಸಿ ಅವಳು ಗ್ರಂಥಾಲಯಕ್ಕೆ ಹೋದಳು. ಮೇಷ್ಟ್ರು ಕುರ್ಚಿ ಸರಿಸಿಕೊಟ್ಟರು.

"ಸರ್, ನನ್ನಿಂದ..."

"ಬಿಡಿಯಮ್ಮ. ಹೇಗಿದ್ದಾರೆ ಮಕ್ಕಳು?"

"ಚೆನ್ನಾಗಿದ್ದಾರೆ."

"ಕಿಟಕಿ ಪಕ್ಕ ಕೂರ್ತಾಳಲ್ಲ, ಅವಳಿಗೆ ಭಿನ್ನರಾಶಿ ಇನ್ನೂ ತೊಡಕು. ಗದರಬೇಡಿ, ಅತ್ತುಬಿಡ್ತಾಳೆ."

ಅವಳು ತಲೆಯಾಡಿಸಿದಳು. ಗಂಟೆ ಹೊಡೆಯಿತು, ಎದ್ದು ಹೋಗಲೇಬೇಕಾಯಿತು.