ಕೈಗೆ ಸಿಗದ ಕೋಳಿಗಳು

ನಮ್ಮ ಮನೆಯಲ್ಲಿ ಹದಿಮೂರು ಕೋಳಿ ಉಂಟು, ಒಂದೂ ಕೈಗೆ ಸಿಗುದಿಲ್ಲ ಅಂದ್ರೆ ನಂಬ್ತೀರಾ ಮಾರಾಯ್ರೆ? ಸಾಕಿದ್ದು ನಾನು, ಅಕ್ಕಿ ಹಾಕುದು ನಾನು. ನನ್ನ ಸೀರೆಯ ಸೆರಗು ಕಂಡರೆ ಸಾಕು, ಹಲಸಿನ ಮರ ಹತ್ತುತ್ತವೆ. ಅದೂ ಯಾವ ದಿನ? ನನ್ನ ತಮ್ಮ ಪದ್ಮಯ್ಯ ಮೂರು ವರ್ಷದ ನಂತರ ಊಟಕ್ಕೆ ಬರುವ ದಿನ.

ಪದ್ಮಯ್ಯನ ಮನೆ ಜಾಲ್ಸೂರಿನಲ್ಲಿ, ನಮ್ಮಲ್ಲಿಗೆ ಬೈಕಿನಲ್ಲಿ ಕಾಲು ಗಂಟೆ. ಮೊದಲೆಲ್ಲ ಒಂದು ಫೋನು ಮಾಡಿದರೆ ಸಾಕಿತ್ತು. ಪಂಪು ಕೆಟ್ಟರೆ ಪದ್ಮಯ್ಯ, ಹಂಚು ಜಾರಿದರೆ ಪದ್ಮಯ್ಯ, ದನ ಕರು ಹಾಕುವಾಗಲೂ ಪದ್ಮಯ್ಯನೇ ಆಗಬೇಕು. ಮಗಳು ಭವಿತಾಳ ಮದುವೆಗೆ ಮೂರು ದಿನ ಅಡುಗೆಯವರ ಜೊತೆ ನಿಂತು ಹೊಗೆ ಕುಡಿದ. ಎಲ್ಲರದ್ದೂ ಊಟ ಆಯಿತು, ಅವನನ್ನು ಉಂಡೆಯಾ ಅಂತ ಕೇಳಿದವರು ಒಬ್ಬರೂ ಇಲ್ಲ. ನಾನೂ ಕೇಳಲಿಲ್ಲ, ಸುಳ್ಳು ಯಾಕೆ ಹೇಳುದು. ಅವತ್ತಿನಿಂದ ಅವನು ನಮ್ಮ ಫೋನು ಎತ್ತುದಿಲ್ಲ.

ಕಳೆದ ವಾರ ಅವನ ಹೆಂಡತಿ ಈಶ್ವರಿಯ ಹತ್ತಿರ ಅಂಗಲಾಚಿದೆ. ಕೆಲಸ ಎಂತದ್ದೂ ಇಲ್ಲ, ನಮ್ಮ ಅಂಗಳದ್ದೇ ಕೋಳಿಯ ಸಾರು ಮಾಡ್ತೇನೆ, ಬಂದು ಉಂಡು ಹೋಗಲಿ ಅಂತ. ಬರ್ತಾನಂತೆ ಅಂತ ಅವಳು ಹೇಳಿದಾಗ ಅಡುಗೆಮನೆಯಲ್ಲಿ ನಿಂತಲ್ಲೇ ಅತ್ತುಬಿಟ್ಟೆ.

ಇವತ್ತು ಬೆಳಿಗ್ಗೆ ರೊಟ್ಟಿಯಾಯಿತು, ಮಸಾಲೆ ಕಡೆದಾಯಿತು. ಕೋಳಿ ಮಾತ್ರ ಮರದಲ್ಲಿ! ಅಂಗಡಿಯಿಂದ ಬ್ರಾಯ್ಲರ್ ತರಬಹುದಿತ್ತು, ಆದರೆ ನಾನು ಮಾತು ಕೊಟ್ಟದ್ದು ಅಂಗಳದ ಕೋಳಿ.

"ಈ ದರಿದ್ರ ಕೋಳಿಗಳು ಬುದ್ಧಿ ಕಲಿತುಬಿಟ್ಟಿವೆ" ಅಂತ ಗಂಡನ ಹತ್ತಿರ ಹೇಳಿದೆ. ಅಷ್ಟೇ ಸಾಕಾಯಿತು. ನನ್ನ ಗಂಡ ಜಯಪ್ರಕಾಶ್ ಮಾಸ್ಟ್ರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಪಾಠ ಹೇಳಲಿಕ್ಕೆ ಮಕ್ಕಳು ಸಿಗುದಿಲ್ಲ, ನಾನು ಸಿಗ್ತೇನೆ.

"ಒಂದು ಕೋಳಿಯೂ ಎಂತದ್ದೂ ಕಲಿಯಲಿಲ್ಲ ನೀಲಾವತಿ. ಇಪ್ಪತ್ತು ವರ್ಷದ ಹಿಂದೆ ನಿನ್ನ ಕೋಳಿಗಳಲ್ಲಿ ಕೆಲವು ಹುಟ್ಟಿನಿಂದಲೇ ಸಾಧು, ಕೆಲವು ಹುಟ್ಟಿನಿಂದಲೇ ಪುಕ್ಕಲು. ಪ್ರತಿ ಆದಿತ್ಯವಾರ ಅಕ್ಕಿ ಎರಚಿ ನೀನು ಹಿಡಿದದ್ದು ಯಾವುದನ್ನು?"

"ಕಾಲ ಬುಡಕ್ಕೆ ಬಂದದ್ದನ್ನು. ಓಡಿ ಹೋಗುದನ್ನು ಹಿಡಿಯಲಿಕ್ಕೆ ನನಗೇನು ಹುಚ್ಚಾ?"

"ಅದೇ ನೋಡು! ಸಾಧು ಕೋಳಿಗಳು ಮರಿ ಮಾಡುವ ಮೊದಲೇ ಸಾರಾದವು. ಮರಿ ಮಾಡಿದ್ದು ಪುಕ್ಕಲುಗಳು. ಹೆತ್ತವರ ಗುಣ ಮರಿಗೆ ಬಂತು. ಆ ಮರಿಗಳಲ್ಲಿ ಸ್ವಲ್ಪ ಸಾಧು ಇದ್ದದ್ದನ್ನು ಪುನಃ ನೀನು ಕೊಯ್ದೆ. ಗೂಡಿಗೆ ಬಂದು ಮಲಗುವ ಜಾತಿಯೂ ಹಾಗೆಯೇ ಮುಗಿಯಿತು. ಇಪ್ಪತ್ತು ತಲೆಮಾರು ಹೀಗೆ ಆಗಿ ಈಗ ಉಳಿದದ್ದು ಮರ ಹತ್ತುವವು ಮಾತ್ರ. ಇದಕ್ಕೇ ನೈಸರ್ಗಿಕ ಆಯ್ಕೆ ಅನ್ನುದು."

"ಆರಿಸಿದ್ದು ನಾನು ಅಂತೀರಿ, ಹೆಸರು ನಿಸರ್ಗಕ್ಕಾ?"

"ಪುಕ್ಕಲು ತಳಿ ಬೇಕೂಂತ ನೀನು ಆರಿಸಿದ್ದಲ್ಲವಲ್ಲ. ಗಿಡುಗವೂ ಬೇಕೂಂತ ಮಾಡುದಿಲ್ಲ, ಸಿಕ್ಕಿದ್ದನ್ನು ಎತ್ತಿಕೊಂಡು ಹೋಗ್ತದೆ. ಈ ಕೋಳಿಗಳ ಪಾಲಿಗೆ ನೀನೂ ಒಂದು ಗಿಡುಗ."

ಮದುವೆಯಾಗಿ ಮೂವತ್ತನಾಲ್ಕು ವರ್ಷ ಆಯಿತು, ಗಿಡುಗ ಅನ್ನಿಸಿಕೊಂಡದ್ದು ಇದೇ ಮೊದಲು. ಮೈಯೆಲ್ಲ ಉರಿದುಹೋಯಿತು. "ಅಷ್ಟು ಗೊತ್ತಿದ್ದವರು ಇಪ್ಪತ್ತು ವರ್ಷ ತೊಡೆಯ ತುಂಡು ಹಾಕಿಸಿಕೊಳ್ಳುವಾಗ ಯಾಕೆ ಬಾಯಿ ಬಿಡಲಿಲ್ಲ?" ಅಂತ ಕೇಳಿದೆ. ಮಾಸ್ಟ್ರು ಏಣಿ ತರಲಿಕ್ಕೆ ಹೋದರು.

ಏಣಿಯನ್ನು ಮರಕ್ಕೆ ಒರಗಿಸಿ, ಗೋಣಿಚೀಲ ಹಿಡಿದುಕೊಂಡು ಹತ್ತಿದರು. ಕೋಳಿಗಳು ಒಂದು ಗೆಲ್ಲು ಮೇಲೆ ಹೋದವು. ಇವರೂ ಎರಡು ಮೆಟ್ಟಲು ಮೇಲೆ ಹೋದರು. ಏಣಿ ಅಲ್ಲಾಡುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದು, ಒಲೆಯ ಮೇಲಿನ ಮಸಾಲೆ ತಳ ಹಿಡಿಯುತ್ತದೋ ಅಂತ ನಾನು ಒದ್ದಾಡುತ್ತಿರುವಾಗ ಬೈಕಿನ ಶಬ್ದ ಕೇಳಿತು. ಏಣಿ ಬಿಟ್ಟು ಗೇಟಿಗೆ ಓಡಿದೆ.

ಪದ್ಮಯ್ಯ ಗೇಟಿನ ಹೊರಗೇ ನಿಂತಿದ್ದ. ಹೆಲ್ಮೆಟ್ ತೆಗೆಯಲಿಲ್ಲ, ಬೈಕು ಬಂದ್ ಮಾಡಲಿಲ್ಲ. ಸ್ವಲ್ಪ ಸೊರಗಿದ್ದಾನೆ ಅನ್ನಿಸಿತು.

"ಎಂತ ಕೆಲಸ ಉಂಟು ಅಕ್ಕ? ಮೊದಲೇ ಹೇಳಿಬಿಡು" ಅಂದ.

"ಎಂತ ಕೆಲಸವೂ ಇಲ್ಲ ಮಾರಾಯ, ಉಣ್ಣುದೊಂದೇ. ಒಳಗೆ ಬಂದು ಕೂತ್ಕೊ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಕೈ ಮೆಲ್ಲಗೆ ಕೀಲಿಯ ಹತ್ತಿರ ಹೋಯಿತು.

ಅಷ್ಟರಲ್ಲಿ ಮರದ ಮೇಲಿನಿಂದ ಮಾಸ್ಟ್ರ ಸ್ವರ. "ಪದ್ಮಯ್ಯನಾ ಅದು? ಒಳ್ಳೆ ಹೊತ್ತಿಗೆ ಬಂದೆ ಭಾವ! ಈ ಏಣಿ ಸ್ವಲ್ಪ ಹಿಡಿ!"

ಪದ್ಮಯ್ಯ ನಕ್ಕ. ಸಿಟ್ಟು ಮಾಡಿಕೊಂಡಿದ್ದರೆ ಕೈ ಹಿಡಿದು ಎಳೆಯಬಹುದಿತ್ತು, ನಗುವವನನ್ನು ಎಂತ ಮಾಡುದು? ಬೈಕು ತಿರುಗಿಸಿ, "ಬರ್ತೇನೆ ಅಕ್ಕ" ಅಂತ ಹೇಳಿ ಹೋಗಿಯೇಬಿಟ್ಟ.

"ಎಂತ, ಹೋದನಾ? ಒಂದು ನಿಮಿಷದ ಕೆಲಸ ಇದ್ದದ್ದಲ್ಲವಾ ಮಾರಾಯ್ತಿ!" ಅಂತ ಮೇಲಿನಿಂದ ಮಾಸ್ಟ್ರು.

ಜನ್ಮ ಜಾಲಾಡಿಬಿಡ್ತೇನೆ ಅಂತ ಮರದ ಬುಡಕ್ಕೆ ಬಂದೆ. ಬಾಯಿ ಬರಲಿಲ್ಲ. ಗೇಟಿನಲ್ಲಿ ತಮ್ಮನನ್ನು ಕಂಡ ಕೂಡಲೇ ನನ್ನ ನಾಲಿಗೆಯ ತುದಿಗೆ ಬಂದದ್ದೂ ಏಣಿಯ ಮಾತೇ. ನಾನು ನುಂಗಿಕೊಂಡೆ, ಇವರು ಹೇಳಿಬಿಟ್ಟರು, ಅಷ್ಟೇ ವ್ಯತ್ಯಾಸ.