ಮನೆಯಲ್ಲಿ ವಾಸವಿರುವವರು: ಒಬ್ಬರು

ಮನೆ ಕಂದಾಯ ಒಂದೇ ಏಟಿಗೆ ದುಪ್ಪಟ್ಟಾಗಿದೆ ಎಂದು ದರ್ಜಿ ಅಕ್ಕನಿಗೆ ಕಾಗದ ಬಂತು. ಮನೆ ಅವಳ ಹೆಸರಿನಲ್ಲಿತ್ತು. ವಯಸ್ಸು ಎಪ್ಪತ್ತೊಂದು, ಕಣ್ಣು ಮಂಜಾಗಿ ಹೊಲಿಗೆಯ ಸಂಪಾದನೆ ಅಷ್ಟಕ್ಕಷ್ಟೇ. ಕಟ್ಟದಿದ್ದರೆ ಮನೆ ಹರಾಜಿಗೆ ಹೋಗುತ್ತಿತ್ತು. ಬಿದ್ದಂಬೀಳ ಕಂದಾಯದ ಕಚೇರಿಗೆ ಓಡಿದಳು.

"ವಯಸ್ಸಾದ, ವರಮಾನ ಕಡಿಮೆ ಇರೋ ಮಾಲೀಕರಿಗೆ ಮುಕ್ಕಾಲು ಪಾಲು ಮಾಫಿ ಇದೆ ಅಮ್ಮಾ," ಎಂದ ಗುಮಾಸ್ತ. "ಆದ್ರೆ ಮನೇಲಿರೋ ಎಲ್ಲರ ವರಮಾನ ಸೇರಿಸಿ ನೋಡ್ತೀವಿ. ಜೊತೇಲಿ ಯಾರಿದ್ದಾರೆ?"

"ನಮ್ಮಣ್ಣ. ಪೋಸ್ಟ್‌ಮ್ಯಾನ್ ಆಗಿದ್ದ, ಪಿಂಚಣಿ ಬರುತ್ತೆ."

"ಹಾಗಾದ್ರೆ ಸಿಗಲ್ಲ. ಅವರು ಇಲ್ದಿದ್ರೆ ಸಿಗ್ತಿತ್ತು."

ಮನೆಗೆ ಬಂದು, ಒಬ್ಬಳೇ ಇದ್ದೀನಿ ಅಂತ ಬರೆದುಬಿಡಲೇ ಎಂದು ಅಣ್ಣನನ್ನು ಕೇಳಿದಳು. ಬೇರೆ ಯಾರಾದರೂ ಆಗಿದ್ದರೆ ಬರೆದುಬಿಡು ಎಂದು ಕಣ್ಣು ಮಿಟುಕಿಸುತ್ತಿದ್ದರು. ಇವನು ನಲವತ್ತು ವರ್ಷ ಮನೆಮನೆಗೆ ಕಾಗದ ಹಂಚಿದವನು. ಸುಳ್ಳು ವಿಳಾಸವೆಂದರೆ ಮೈಯುರಿ.

"ಇರೋ ಮನುಷ್ಯನ್ನ ಇಲ್ಲ ಅಂತ ಬರೀಬಾರದು ಕಣೇ. ನಾನೇ ಹೋಗಿ ಬೇರೆ ಕಡೆ ಇರ್ತೀನಿ. ನಿನ್ನ ಕೆಲಸ ಆದ್ಮೇಲೆ ಬಂದ್ರಾಯ್ತು."

ಸೈಕಲ್ ಅಂಗಡಿಯ ಮಹಡಿಯಲ್ಲೊಂದು ಕೋಣೆ ಹಿಡಿದ. ಬ್ಯಾಂಕಿನಲ್ಲಿ, ಪಿಂಚಣಿ ಕಚೇರಿಯಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ, ಎಲ್ಲ ಕಡೆಯೂ ವಿಳಾಸ ಬದಲಾಯಿಸಿದ. ಪುಣ್ಯಾತ್ಮ, ತನ್ನನ್ನು ತಾನೇ ಅಷ್ಟು ಅಚ್ಚುಕಟ್ಟಾಗಿ ಆ ಮನೆಯಿಂದ ಕಿತ್ತುಹಾಕಿಕೊಂಡ.

ಉಳಿದದ್ದನ್ನು ಅವಳು ಮಾಡಿದಳು. ಬಿಚ್ಚಿದ ಹೊಲಿಗೆಯ ತೂತು ಕಾಣದಂತೆ ಬಟ್ಟೆ ಸರಿಮಾಡುವುದು ಅವಳಿಗೆ ಕರತಲಾಮಲಕ. ಅಣ್ಣ ಗಡ್ಡ ಹೆರೆದುಕೊಳ್ಳುತ್ತಿದ್ದ ಕನ್ನಡಿ, ಚಪ್ಪಲಿ, ಊರುಗೋಲು ಗಂಟು ಕಟ್ಟಿ ಕಳಿಸಿದಳು. ಕನ್ನಡಿಯ ಮೊಳೆ ಕಿತ್ತು ತೂತಿಗೆ ಸುಣ್ಣ ಮೆತ್ತಿದಳು. ಮಂಚವನ್ನು ಹಳೇ ಸಾಮಾನಿನವನಿಗೆ ಮಾರಿ, ಹೊಲಿಗೆ ಯಂತ್ರವನ್ನು ಅಣ್ಣನಿದ್ದ ಕೋಣೆಯ ಕಿಟಕಿಯ ಬಳಿ ತಂದಿಟ್ಟಳು. ಆ ಬೆಳಕಿನಲ್ಲಿ ಸೂಜಿಗೆ ದಾರ ಒಂದೇ ಸಲಕ್ಕೆ ಏರಿತು. ಬೆಳಗಾಗೆದ್ದರೆ ಕೆಮ್ಮಿನ ಸದ್ದಿಲ್ಲ, ಕಾಫಿಗೆ ಸಕ್ಕರೆ ಸಾಲದೆಂಬ ಗೊಣಗಾಟವಿಲ್ಲ. ಅಣ್ಣನಿಲ್ಲದ ಮನೆ ಅವಳಿಗೆ ಹಿಡಿಸಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಅವಳ ಅರ್ಜಿಯ ಪರಿಶೀಲನೆಗೆ ಬಂದವನು ಮೂಲೆಮೂಲೆ ನೋಡಿ ಸಹಿ ಹಾಕಿದ. "ಮೂರು ವರ್ಷಕ್ಕೆ ಮಾಫಿ ಅಮ್ಮಾ. ಮಧ್ಯೆ ಯಾರಾದ್ರೂ ಬಂದು ಸೇರ್ಕೊಂಡ್ರೆ ರದ್ದು."

"ನಂಗೆ ಯಾರಿದ್ದಾರೆ ಸ್ವಾಮಿ," ಎಂದಳು.

ಆದೇಶ ಬಂದ ಸುದ್ದಿ ತಿಳಿದ ಮಧ್ಯಾಹ್ನವೇ ಅಣ್ಣ ಚೀಲ ಹೊತ್ತು ಬಂದ. ಎರಡು ತಿಂಗಳು ಮಹಡಿ ಹತ್ತಿಳಿದು ಎರಡೂ ಪಾದ ಊದಿಕೊಂಡಿದ್ದವು. ಅವಳು ಕಿಟಕಿಗೆ ಬಂದಳು.

"ಬಾಗ್ಲು ತೆಗಿಯೇ, ಎಲ್ಲಾ ಮುಗೀತಲ್ಲ."

"ಮೂರು ವರ್ಷ ಅಂತೆ ಅಣ್ಣ. ನೀನು ಬಂದ್ರೆ ಮಾಫಿ ಹೋಗುತ್ತಂತೆ."

ಅವನು ಮೊದಲು ನಕ್ಕ. ಅವಳು ನಗದಿದ್ದುದನ್ನು ನೋಡಿ ಚೀಲ ಕೆಳಗಿಟ್ಟ. "ಹೋದ್ರೆ ಹೋಗ್ಲಿ ಬಿಡು. ನನ್ನ ಪಿಂಚಣಿ ಪೂರ್ತಿ ನೀನೇ ಇಟ್ಕೋ, ಕಂದಾಯ ಕಟ್ಟೋಣ. ಆ ಮೆಟ್ಟಿಲು ನನ್ ಕೈಲಾಗಲ್ಲ ಕಣೇ. ಎಪ್ಪತ್ತೊಂಬತ್ತು ನಂಗೆ."

ಮನೆ ಉಳಿಯುತ್ತಿತ್ತು, ಅಣ್ಣನೂ ಉಳಿಯುತ್ತಿದ್ದ. ಅಗುಳಿ ತೆಗೆದರೆ ಸಾಕಿತ್ತು. ಅವಳು ತಿರುಗಿ ಹೊಲಿಗೆ ಯಂತ್ರ ನೋಡಿದಳು.

"ಜಾಗ ಇಲ್ಲ ಅಣ್ಣ. ಮಂಚ ಮಾರ್ಬಿಟ್ಟೆ."

"ನೆಲದ್ಮೇಲೆ ಮಲಗ್ತೀನಿ."

ಅವಳು ಯಂತ್ರದ ಮೇಲಿನ ಬಟ್ಟೆ ಮಡಿಸತೊಡಗಿದಳು. ಅವನು ನೀರು ಕೇಳಿದ. ಸರಳಿನ ಸಂದಿಯಿಂದ ಲೋಟ ಕೊಟ್ಟಳು. ಕುಡಿದು, ಖಾಲಿ ಲೋಟ ಹಿಂದಿರುಗಿಸಿ, ಸುಸ್ತಾಗಿ ಬಾಗಿಲ ಮೆಟ್ಟಿಲ ಮೇಲೆ ಕೂತ.

"ಇಲ್ಲಿ ಕೂರಬೇಡ ಅಣ್ಣ. ಯಾರಾದ್ರೂ ನೋಡಿ ಆಫೀಸಿಗೆ ಹೇಳಿದ್ರೆ ನನ್ ಗತಿಯೇನು?"

ಅವನು ಗಡಿಬಿಡಿಯಿಂದ ಗೋಡೆ ಹಿಡಿದು ಎದ್ದ. "ಹೌದು ಹೌದು, ನಂಗೆ ಹೊಳೀಲೇ ಇಲ್ಲ ನೋಡು," ಎಂದು ತಪ್ಪು ಮಾಡಿದವನ ಹಾಗೆ ಹೇಳಿ, ಚೀಲ ಎತ್ತಿಕೊಂಡ.