ಎರಡು ಬುಟ್ಟಿ ಹಿಕ್ಕೆ

ನನ್ನ ಭಾಮೈದ ಅಲ್ಲಾಲ್‌ನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಫೆಸ್ ಊರಿನಲ್ಲಿ ಚರ್ಮ ಹದಮಾಡುವ ತೊಟ್ಟಿಗಿಳಿದು ಮೂವತ್ತು ವರ್ಷ ಪಾರಿವಾಳದ ಹಿಕ್ಕೆ ತುಳಿದವನು ನಾನು. ಅವನೋ, ನಾಲ್ಕು ತಿಂಗಳ ತರಬೇತಿ ಮುಗಿಸಿ, ಹಿಕ್ಕೆಯ ಬದಲು ಹಾಕಲು ಒಂದು ಪೊಟ್ಟಣ ಪುಡಿ ಹಿಡಿದು ಬಂದಿದ್ದ.

"ಹಿಕ್ಕೆಯಲ್ಲಿ ಕೆಲಸ ಮಾಡೋದೂ ಇದೇ ಭಾವ, ಕಿಣ್ವ ಅಂತಾರೆ. ಕಂಡಿದ್ದನ್ನೆಲ್ಲ ತಿನ್ನಲ್ಲ. ಚರ್ಮದ ನಾರಿನ ನಡುವಿನ ಅಂಟನ್ನ ಮಾತ್ರ ಕರಗಿಸುತ್ತೆ. ಆದ್ರೆ ಅಳತೆ ಮೀರಿದ್ರೆ ನಾರನ್ನೂ ಬಿಡಲ್ಲ."

"ಓಹೋ! ನಿನ್ನೆ ಮೊನ್ನೆ ಬಂದೋನು ನನಗೇ ಪಾಠ ಹೇಳ್ತೀಯೇನೋ? ನಮ್ಮಪ್ಪ, ನಮ್ಮಜ್ಜ ಪುಡಿ ಹಾಕಿದ್ರಾ?"

ತೊಟ್ಟಿಗಳ ಯಜಮಾನ, ಮುದುಕ ತುಹಾಮಿ, ನಡುವೆ ಬಂದರು. "ಸಾಕು ನಿಮ್ಮ ಜಗಳ. ಅಲ್ಲಾಲ್, ಆ ಮೂಲೆ ತೊಟ್ಟೀಲಿ ನಿನ್ನ ಪುಡಿ ಬೆರೆಸಿ ನಲವತ್ತು ಆಡಿನ ಚರ್ಮ ಹಾಕು. ಹದವಾಗಿ ಬಂದ್ರೆ ತೊಟ್ಟಿ ನಿಂದು. ಕೆಟ್ರೆ ಮತ್ತೆ ಈ ಬಾಗಿಲು ತುಳೀಬೇಡ."

ಮಧ್ಯಾಹ್ನ ಎಲ್ಲರೂ ನಮಾಜಿಗೆ ಹೋದಾಗ ನಾನು ಆ ತೊಟ್ಟಿಗೆ ಎರಡು ಬುಟ್ಟಿ ಹಿಕ್ಕೆ ಸುರಿದೆ. ಕೆಡಿಸಬೇಕೆಂದಲ್ಲ, ಅಲ್ಲಾಹನಾಣೆ! ಪುಡಿಯಿಂದ ಏನೂ ಆಗದು, ಹಿಕ್ಕೆಯಿಂದಲೇ ಹದ ಬರುತ್ತದೆ, ಆಮೇಲೆ ಎಲ್ಲರೆದುರು ನಿಜ ಹೇಳಿ ಅವನ ಸೊಕ್ಕು ಮುರಿಯುತ್ತೇನೆ ಅಂದುಕೊಂಡಿದ್ದೆ.

ಆಗಸ್ಟ್ ತಿಂಗಳ ಸೆಕೆ ಬೇರೆ. ಮರುದಿನ ಬೆಳಿಗ್ಗೆ ತುಹಾಮಿ ಒಂದು ಚರ್ಮ ಎತ್ತಿ ಹೆಬ್ಬೆರಳು ಒತ್ತಿದರು. ಹದವಾದ ಚರ್ಮದಲ್ಲಿ ಬೆರಳಿನ ಗುರುತು ಉಳಿಯಬೇಕು. ಇಲ್ಲಿ ಬೆರಳು ಆಚೆಗೇ ತೂರಿಹೋಯಿತು.

"ಬಡ್ಕೊಂಡೆ ನಾನು, ಕೇಳಿದ್ರಾ?" ಎಲ್ಲರಿಗಿಂತ ಮೊದಲು ಕೂಗಿದವನು ನಾನೇ. "ಮನೆಹಾಳ! ನಲವತ್ತು ಚರ್ಮಾನೂ ಗಂಜಿ ಮಾಡಿಟ್ಟ!"

ತುಹಾಮಿ ಬಾಗಿಲ ಕಡೆ ಕೈ ತೋರಿದರು.

ಅಲ್ಲಾಲ್ ಬಗ್ಗಿ ತೊಟ್ಟಿಯ ತಳ ಕಲಕಿದ. ಅವನ ಕೈಗೆ ಒಂದು ಬೂದು ಪುಕ್ಕ ಬಂತು. ಎದ್ದು ಬಂದು ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಪುಡಿಗೆ ಪುಕ್ಕ ಇರಲ್ಲ ಭಾವ," ಅಂದ, ನನಗೊಬ್ಬನಿಗೇ ಕೇಳುವಂತೆ. "ಅಕ್ಕನ ಮುಖ ನೋಡಿ ಸುಮ್ನಿದ್ದೀನಿ."

ಚಪ್ಪಲಿ ಮೆಟ್ಟಿ ಹೊರಟುಹೋದ. ನಾನು ಆ ಪುಕ್ಕವನ್ನು ಜೇಬಿಗಿಳಿಸಿದೆ. ಮೂಲೆ ತೊಟ್ಟಿಯನ್ನು ತುಹಾಮಿ ನನಗೇ ಕೊಟ್ಟರು.

ದಿನಾ ಅದಕ್ಕಿಳಿದು ತುಳಿಯುತ್ತೇನೆ. ಅವನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಅಷ್ಟು ಜನರ ಮುಂದೆ ನಿಜ ಹೇಳಿ ನನ್ನ ಮುಖಕ್ಕೆ ಉಗಿದಾದರೂ ಹೋಗಬಾರದಿತ್ತೇ, ಹಾಳಾದವನು!